ಪಂಕಜಾಕ್ಷಿ ಜನರೇಟರ್ ಆನ್ ಮಾಡದ ದಿನ

ಆಲೂರು ತಾಲ್ಲೂಕಿನ ಪಾಳ್ಯದಲ್ಲಿ ಪಂಕಜಾಕ್ಷಿಯವರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಜನರೇಟರ್ ಅಮ್ಮನ ಮನೆ ಎಂದರೆ ಬಸ್ ಕಾಯುತ್ತ ನಿಂತವರೂ ಕೈ ತೋರಿಸುತ್ತಾರೆ. ಜನರೇಟರ್ ಈಗ ಆ ಮನೆಯಲ್ಲಿಲ್ಲ. ಹೆಸರು ಮಾತ್ರ ಉಳಿದಿದೆ.

ಗಂಡ ಪರಮಶಿವಯ್ಯ ಶಾಮಿಯಾನ, ಪಾತ್ರೆ, ಸೀರಿಯಲ್ ಸೆಟ್ ದೀಪ ಬಾಡಿಗೆಗೆ ಕೊಡುತ್ತಿದ್ದವರು. ಹಳೇ ಲಾರಿಯೊಂದನ್ನು ಕೊಂಡು ಅದರ ಮೇಲೆ ದೊಡ್ಡ ಡೀಸೆಲ್ ಜನರೇಟರ್ ಕೂರಿಸಿದ್ದರು. ಏಳು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಯಿತು. ಲಾರಿ ಮಾರಿಬಿಡಿ ಎಂದು ನೆಂಟರೆಲ್ಲ ಹೇಳಿದರು. ಪಂಕಜಾಕ್ಷಿ ಮಾರಲಿಲ್ಲ. ಗಂಡನನ್ನು ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಹೇಳಿಸಿಕೊಂಡರು. ಫಿಲ್ಟರ್ ಬಿಚ್ಚುವುದು, ಡೀಸೆಲ್ ಪೈಪಿನ ಏರ್ ತೆಗೆಯುವುದು, ಮೂರು ಫೇಸಿಗೂ ಸಮನಾಗಿ ಲೋಡ್ ಹಂಚುವುದು ಕಲಿತರು. ಲಾರಿ ಓಡಿಸುವ ಲೈಸೆನ್ಸನ್ನೂ ಮಾಡಿಸಿಕೊಂಡರು. ಸೀರೆಯ ಮೇಲೆ ಗಂಡನ ಖಾಕಿ ಅಂಗಿ ಹಾಕಿಕೊಂಡು ಸ್ಟೇರಿಂಗ್ ಹಿಡಿದು ಕುಂದೂರಿನ ರಸ್ತೆಯಲ್ಲಿ ಹೋದಾಗ ಮೊದಮೊದಲು ನಕ್ಕವರು, ಆಮೇಲೆ ತಮ್ಮ ಮನೆಯ ಮದುವೆಗೆ ಅವರನ್ನೇ ಕರೆದರು.

ಪರಮಶಿವಯ್ಯನವರಿಗೆ ಒಂದು ಮಾತನ್ನು ಮಾತ್ರ ಎಷ್ಟು ಸಲ ಹೇಳಿದರೂ ಸಮಾಧಾನವಾಗುತ್ತಿರಲಿಲ್ಲ.

"ಟ್ರಾನ್ಸ್‌ಫಾರ್ಮರಿಗೆ ಮೇಲು ಕೆಳಗು ಗೊತ್ತಿಲ್ಲ ಕಣೆ. ಮೇಲಿಂದ ಬಂದ ಹನ್ನೊಂದು ಸಾವಿರ ವೋಲ್ಟನ್ನ ಇಳಿಸಿ ಮನೆಗೆ ಕೊಡ್ತದೆ. ಅದೇ ನೀನು ಕೆಳಗಿಂದ ಜನರೇಟರ್ ಕರೆಂಟ್ ಕೊಟ್ರೆ ಅದನ್ನ ಹನ್ನೊಂದು ಸಾವಿರ ಮಾಡಿ ಮೇಲಿನ ತಂತಿಗೆ ಕಳಿಸ್ತದೆ. ಲೈನ್ ಸತ್ತೈತೆ ಅಂತ ಕಂಬ ಹತ್ತಿರೋನು ಅಲ್ಲೇ ಸುಟ್ಟೋಗ್ತಾನೆ. ಮೇಲಿನ ಸ್ವಿಚ್ ಬಿಚ್ಚೈತೆ ಅಂತ ಗೊತ್ತಾಗೋವರ್ಗೂ ಮುಟ್ಬೇಡ."

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಬಿಸಿಲೆ ಕಡೆಯ ರಸ್ತೆಯಲ್ಲಿ ಗಾಳಿಮಳೆಗೆ ಒಂದೇ ದಿನ ನಲವತ್ತಕ್ಕೂ ಹೆಚ್ಚು ಕರೆಂಟ್ ಕಂಬಗಳು ಬಿದ್ದವು. ಹೊಂಗಡಹಳ್ಳದ ಕಡೆಗೆ ಹದಿನೈದು ದಿನವಾದರೂ ಕರೆಂಟ್ ಬರುವುದಿಲ್ಲ ಎಂದಾಯಿತು. ಕುಡಿಯುವ ನೀರಿನ ಮೋಟಾರು, ಆರೋಗ್ಯ ಕೇಂದ್ರ, ಮೊಬೈಲ್ ಟವರ್ ಎಲ್ಲವೂ ನಿಂತವು. ಆಗ ವಿದ್ಯುತ್ ಕಂಪನಿಯವರು ಹೊಸ ಏರ್ಪಾಟೊಂದನ್ನು ಮಾಡಿದರು. ಲಾರಿಯ ಮೇಲಿನ ಜನರೇಟರನ್ನು ಊರಿನ ಟ್ರಾನ್ಸ್‌ಫಾರ್ಮರಿನ ಪಕ್ಕ ನಿಲ್ಲಿಸಿ, ಮನೆಗಳಿಗೆ ಹೋಗುವ ತಂತಿಗೇ ಜೋಡಿಸುವುದು. ದೊಡ್ಡ ಲೈನ್ ಸರಿಯಾಗುವ ತನಕ ಊರಿಗೆ ಹೀಗೇ ಕರೆಂಟ್ ಕೊಡುವುದು. ಗುತ್ತಿಗೆ ಹಿಡಿದವನ ಹತ್ತಿರ ಜನರೇಟರ್ ಇರಲಿಲ್ಲ. ಅವನು ಪಂಕಜಾಕ್ಷಿಯವರನ್ನು ಕರೆದ.

ಅವರು ಹೊಂಗಡಹಳ್ಳದ ಶಾಲೆಯ ಒಂದು ಕೋಣೆಯಲ್ಲಿ ಉಳಿದುಕೊಂಡರು. ಬೆಳಿಗ್ಗೆ ಎರಡು ಗಂಟೆ ನೀರಿನ ಮೋಟಾರಿಗೆ, ಮಧ್ಯಾಹ್ನ ಆರೋಗ್ಯ ಕೇಂದ್ರಕ್ಕೂ ಹಿಟ್ಟಿನ ಗಿರಣಿಗೂ, ಸಂಜೆ ಮನೆಗಳಿಗೆ ಎಂದು ಹೊತ್ತು ಗೊತ್ತುಮಾಡಿದರು. ಜನ ಮನೆಯಿಂದ ಅಕ್ಕಿರೊಟ್ಟಿ, ಕೆಸುವಿನ ಪಲ್ಯ ತಂದುಕೊಟ್ಟರು. ಆರೋಗ್ಯ ಕೇಂದ್ರದ ನರ್ಸ್ ಸುಚಿತ್ರಾ ದಿನಾ ಬಂದು ಲಸಿಕೆಯ ಫ್ರಿಜ್ಜು ತಣ್ಣಗಿದೆ ಎಂದು ಹೇಳಿ ಹೋಗುತ್ತಿದ್ದಳು.

ಅಲ್ಲಿ ಲೈನ್ ಕೆಲಸಕ್ಕಿದ್ದವನು ಕೆಂಚಯ್ಯ. ಹನ್ನೊಂದು ವರ್ಷದಿಂದ ಗುತ್ತಿಗೆಯಲ್ಲೇ ದುಡಿಯುತ್ತಿದ್ದ, ಕಾಯಂ ಆಗುವವರ ಪಟ್ಟಿಯಲ್ಲಿ ಹೆಸರು ಬರುತ್ತದೆಂದು ಕಾಯುತ್ತಿದ್ದ ಮನುಷ್ಯ. ಮೊದಲ ದಿನವೇ ಅವನೂ ಪಂಕಜಾಕ್ಷಿಯವರೂ ಒಂದು ಒಪ್ಪಂದಕ್ಕೆ ಬಂದರು. ಟ್ರಾನ್ಸ್‌ಫಾರ್ಮರ್ ಕಂಬದ ಮೇಲಿನ ಸ್ವಿಚ್ಚನ್ನು ಕೆಳಗಿನ ಹಿಡಿಯನ್ನು ಇಳಿಸಿ ಬಿಚ್ಚಿ, ಹಿಡಿಗೆ ಬೀಗ ಹಾಕಿ, ಕೀಲಿಯನ್ನು ಅವನು ಇವರ ಕೈಗೆ ಕೊಡಬೇಕು. ಕೀಲಿ ಕೈಗೆ ಬಂದ ಮೇಲೆಯೇ ಜನರೇಟರ್.

ಆರನೆಯ ದಿನ ಬೆಳಿಗ್ಗೆ ನೀರಿನ ಮೋಟಾರು ನಿಂತ ಮೇಲೆ ಕೆಂಚಯ್ಯ ಕೀಲಿ ಕೇಳಿ ಇಸಿದುಕೊಂಡ.

"ಮಧ್ಯಾಹ್ನ ಮೇಲಿಂದ ಲೈನ್ ಟೆಸ್ಟ್ ಐತೆ ಕಣಕ್ಕ. ಸ್ವಿಚ್ ಜೋಡಿಸ್ಬುಟ್ಟು ಬೀಗ ಹಾಕ್ಕೊಂಡ್ ಹೋಗ್ತೀನಿ. ರಸ್ತೆ ತಿರುವಿನ ಆಕಡೆ ಎರಡು ಕಂಬದ ಕೆಲಸ ಉಳ್ಕೊಂಡೈತೆ. ನಾನು ಬಂದು ಕೀಲಿ ಕೊಡೋವರ್ಗೂ ನೀವು ಹಾಕ್ಬೇಡಿ."

"ನೀನು ಬರೋವರ್ಗೂ ನಾನ್ಯಾಕೆ ಹಾಕ್ಲಿ, ಹೋಗಿದ್ ಬಾ" ಎಂದರು ಪಂಕಜಾಕ್ಷಿ.

ಹನ್ನೊಂದು ಗಂಟೆಗೆ, ಯಾರೂ ಎದುರುನೋಡದಿದ್ದಾಗ, ಮೂರು ಜೀಪು ಬಂದು ನಿಂತವು. ರಾಜಧಾನಿಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಈ ಸಂಚಾರಿ ಕರೆಂಟಿನ ಏರ್ಪಾಟನ್ನು ನೋಡಬೇಕಂತೆ. ಜೊತೆಗೆ ಕ್ಯಾಮೆರಾದವರು, ಹಾರ, ಒಂದು ಬ್ಯಾನರು. ಕಿರಿಯ ಎಂಜಿನಿಯರ್ ಅರುಣ್ ಓಡುತ್ತ ಬಂದ.

"ಅಮ್ಮಾ, ಬೇಗ ಸ್ಟಾರ್ಟ್ ಮಾಡಿ. ಸಾಹೇಬರು ಬಟನ್ ಒತ್ತುತ್ತಾರೆ, ಆರೋಗ್ಯ ಕೇಂದ್ರದಲ್ಲಿ ಲೈಟ್ ಬರಬೇಕು."

"ಕೀಲಿ ಬಂದಿಲ್ಲ ಸಾರ್. ಕೆಂಚಯ್ಯ ತಿರುವಿನ ಹತ್ರ ಕಂಬದ ಮೇಲವ್ನೆ."

"ಅವನು ಆಗಲೇ ಇಳಿದಿದ್ದಾನೆ. ತಂತಿ ಮೇಲೆ ಯಾರೂ ಇಲ್ಲ ಅಂತ ಲೈನ್ ಕ್ಲಿಯರ್ ಕಾಗದ ನನ್ನ ಹತ್ರ ಇದೆ."

"ಕಾಗದ ಇರ್ಲಿ. ಹಿಡಿ ನೋಡಿ ಸಾರ್, ಮೇಲಕ್ಕೇ ಐತೆ. ಸ್ವಿಚ್ ಬಿಚ್ಚಿಲ್ಲ."

"ಆ ಹಿಡಿ ಸವೆದುಹೋಗಿದೆ, ಎಲ್ಲಿಟ್ಟರೂ ಅಲ್ಲೇ ನಿಲ್ಲುತ್ತೆ. ಮೇಲೆ ಬಿಚ್ಚಿದೆ."

ಮೇಲೆ ನೋಡಿದರೆ ಮಂಜಿನ ಕಾವಳ. ಕಂಬದ ಅರ್ಧಕ್ಕಿಂತ ಮೇಲೆ ಏನೂ ಕಾಣುತ್ತಿರಲಿಲ್ಲ. ಪಂಕಜಾಕ್ಷಿ ಕೆಂಚಯ್ಯನಿಗೆ ನಾಲ್ಕು ಸಲ ಫೋನ್ ಮಾಡಿದರು. ತಿರುವಿನ ಆಚೆ ಸಿಗ್ನಲ್ ಇರಲಿಲ್ಲ.

"ಒಬ್ರನ್ನ ಜೀಪಲ್ಲಿ ಕಳ್ಸಿ ಸಾರ್. ಅವ್ನ ಬಾಯಿಂದ ಒಂದು ಮಾತು ಬಂದ್ರೆ ಸಾಕು, ಹಾಕ್ತೀನಿ."

ಜೀಪನ್ನು ಕಳಿಸಿದರೆ ಸಾಹೇಬರ ಮುಂದೆ ತನಗೇ ಏನೂ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ಅರುಣ್ ಕಳಿಸಲಿಲ್ಲ. ಜೀಪಿನ ಡ್ರೈವರನ್ನು ಕರೆದು ನೀನೇ ಸ್ಟಾರ್ಟ್ ಮಾಡು ಎಂದ. ಪಂಕಜಾಕ್ಷಿ ಸ್ಪ್ಯಾನರ್ ತೆಗೆದುಕೊಂಡು ಬ್ಯಾಟರಿಯ ವೈರನ್ನೇ ಬಿಚ್ಚಿದರು; ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಜಡಿಮಳೆಯಲ್ಲಿ ಅಧಿಕಾರಿ ನಲವತ್ತು ನಿಮಿಷ ನಿಂತರು. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಕೊನೆಗೆ ಜೀಪುಗಳು ತಿರುಗಿ ಹೋದವು.

ಅವು ಹೋಗಿ ಕಾಲು ಗಂಟೆಗೆ ಕೆಂಚಯ್ಯ ಇಬ್ಬರು ಕೂಲಿಯಾಳುಗಳ ಜೊತೆ ನಡೆದು ಬಂದ. ಸೊಂಟದ ಹಗ್ಗವನ್ನು ಇನ್ನೂ ಬಿಚ್ಚಿರಲಿಲ್ಲ. ವಿಷಯ ಕೇಳಿದವನು ಕಂಬದ ಹಿಡಿಯನ್ನು ನೋಡಿದ, ಜೇಬಿನಿಂದ ಕೀಲಿ ತೆಗೆದು ನೋಡಿದ. ಅಲ್ಲೇ ಚರಂಡಿಯ ಕಲ್ಲಿನ ಮೇಲೆ ಕೂತ.

"ಸ್ವಿಚ್ ಜೋಡಿಸೇ ಐತೆ ಅಕ್ಕ. ಆ ಹೊತ್ತಲ್ಲಿ ನಾನು ತಂತಿನ ಬರಿಗೈಲಿ ಹಿಡ್ಕೊಂಡಿದ್ದೆ."

ಪಂಕಜಾಕ್ಷಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

ಸಂಜೆಯೇ ಗುತ್ತಿಗೆದಾರ ಫೋನ್ ಮಾಡಿ ಲಾರಿಯನ್ನು ವಾಪಸ್ ತರಲು ಹೇಳಿದ. ಬೇರೆ ಜನರೇಟರ್ ಬರಲು ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಸುಚಿತ್ರಾಳ ಫ್ರಿಜ್ಜಿನಲ್ಲಿದ್ದ ಲಸಿಕೆಯೆಲ್ಲ ಕೆಟ್ಟುಹೋಯಿತು. ಊರಿನವರು ಮತ್ತೆ ಹಳ್ಳದ ನೀರು ಹೊತ್ತರು. ಅಕ್ಕಿರೊಟ್ಟಿ ತಂದುಕೊಟ್ಟವರೇ "ಆ ಯಮ್ಮ ಹಟ ಹಿಡ್ದು ನಮ್ಮನ್ನ ಕತ್ತಲಲ್ಲಿ ಕೂರಿಸ್ಬುಟ್ಳು" ಎಂದರು. ವಿಡಿಯೋ ಅಷ್ಟರಲ್ಲಿ ಹಾಸನದವರೆಗೂ ಹೋಗಿತ್ತು. ಅದರಲ್ಲಿ ಕಾಣುತ್ತಿದ್ದುದು ಇಷ್ಟೇ: ಮಳೆಯಲ್ಲಿ ನಿಂತ ಸಾಹೇಬರು, ಪೆಟ್ಟಿಗೆಯ ಮೇಲೆ ಕೂತ ಒಬ್ಬ ಹೆಂಗಸು.

ತಿಂಗಳಾದ ಮೇಲೆ ಸಕಲೇಶಪುರದ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಪಂಕಜಾಕ್ಷಿ ಧೈರ್ಯವಾಗಿಯೇ ಹೋದರು. ಕೆಂಚಯ್ಯ ಇದ್ದಾನಲ್ಲ ಎಂಬ ಧೈರ್ಯ ಅದು. ಕೂಲಿಯಾಳುಗಳಿಬ್ಬರೂ ಬಿಹಾರದವರು, ಕೆಲಸ ಮುಗಿಸಿ ಊರಿಗೆ ಹೋಗಿದ್ದರು.

ವಿಚಾರಣೆಗೆ ಬಂದ ಅಧಿಕಾರಿ ಟೈಪಾಗಿದ್ದ ಹಾಳೆಯನ್ನು ಓದಿದರು. ಸ್ವಿಚ್ಚು ಬಿಚ್ಚಿ ಬೀಗ ಹಾಕಲಾಗಿತ್ತು, ಕೀಲಿಯನ್ನು ಎಂಜಿನಿಯರಿಗೆ ಒಪ್ಪಿಸಲಾಗಿತ್ತು, ಆ ವೇಳೆಯಲ್ಲಿ ತಾನು ಕಂಬದ ಮೇಲೆ ಇರಲಿಲ್ಲ. ಕೆಳಗೆ ಕೆಂಚಯ್ಯನ ಸಹಿ.

ಪಂಕಜಾಕ್ಷಿ ಅವನ ಕಡೆ ತಿರುಗಿದರು. "ಕೀಲಿ ಎಲ್ಲಿತ್ತು ಕೆಂಚಯ್ಯ?"

ಅವನು ಮೇಜಿನ ಕಾಲನ್ನು ನೋಡುತ್ತಿದ್ದ. "ಅರುಣ್ ಸಾರ್ ಹತ್ರ ಇತ್ತು ಕಣಕ್ಕ."

ಕಣಕ್ಕ ಎಂದನಲ್ಲ, ಅದು ಅವರಿಗೆ ಸುಳ್ಳಿಗಿಂತ ಹೆಚ್ಚು ಉರಿಯಿತು.

ಸುಳ್ಳು ಹೇಳ್ತಾ ಅವ್ನೆ ಎಂದು ಅವರು ಹೇಳಿದರು. ಅಧಿಕಾರಿ ಅದನ್ನೂ ಬರೆದುಕೊಂಡರು. ಹದಿನೈದು ದಿನಕ್ಕೆ ಪತ್ರ ಬಂತು: ಕರ್ತವ್ಯಕ್ಕೆ ಅಡ್ಡಿ ಮಾಡಿದ್ದರಿಂದ ಇವರ ಜನರೇಟರನ್ನು ಇನ್ನು ಮುಂದೆ ಕಂಪನಿಯ ಯಾವ ಕೆಲಸಕ್ಕೂ ತೆಗೆದುಕೊಳ್ಳುವಂತಿಲ್ಲ. ವಿಡಿಯೋ ನೋಡಿದ ಮದುವೆ ಮನೆಯವರೂ ನಿಧಾನಕ್ಕೆ ಆಲೂರಿನ ಇನ್ನೊಬ್ಬನನ್ನು ಹಿಡಿದರು. ಶುಭಕಾರ್ಯದಲ್ಲಿ ಹಟ ಮಾಡಿ ಕೂತರೆ ಏನು ಗತಿ ಎಂದು ಒಬ್ಬರು ಎದುರಿಗೇ ಹೇಳಿದರು. ಕೆಂಚಯ್ಯನ ಹೆಸರು ದೀಪಾವಳಿಯ ಹೊತ್ತಿಗೆ ಕಾಯಂ ಪಟ್ಟಿಯಲ್ಲಿ ಬಂತು.

"ಬದುಕಿದ್ದಕ್ಕೇ ಸೈನ್ ಹಾಕೋಕಾಯ್ತು ಅವ್ನಿಗೆ" ಎಂದರು ಪರಮಶಿವಯ್ಯ, ಸೊಟ್ಟಗಾದ ಬಾಯಲ್ಲಿ. "ಸತ್ತಿದ್ರೆ ಎಲ್ಲ ನಿನ್ನ ಕಡೆ ಇರ್ತಿದ್ರು."

"ಸತ್ತಿದ್ರೆ ಜೈಲಲ್ಲಿ ಇರ್ತಿದ್ದೆ" ಎಂದರು ಪಂಕಜಾಕ್ಷಿ.

ಸಂಕ್ರಾಂತಿ ಕಳೆದ ಮೇಲೆ ಜನರೇಟರನ್ನೂ ಲಾರಿಯನ್ನೂ ಕಲ್ಲಿನ ಕ್ರಷರಿನವನೊಬ್ಬನಿಗೆ ಕೊಟ್ಟರು. ಅವನು ಕೀಲಿ ತಿರುಗಿಸಿದಾಗ ಒಂದೇ ಏಟಿಗೆ ಹೊತ್ತಿಕೊಂಡಿತು. ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಲ್ಲ, ಯಾಕಮ್ಮ ಮಾರ್ತೀರಿ ಎಂದು ಕೇಳಿದ. ಇವರು ದುಡ್ಡು ಎಣಿಸಿಕೊಂಡು ಒಳಗೆ ಹೋದರು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮನೆಯ ಹಿತ್ತಿಲ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಚೀಲದಲ್ಲಿ ಒಂದು ಸೇರು ಏಲಕ್ಕಿ, ಒಂದು ಹಲಸಿನ ಹಣ್ಣು.

"ನಾನು ಭದ್ರಮ್ಮ, ಕೆಂಚಯ್ಯನ ಮನೆಯೋಳು" ಎಂದಳು.

ಪಂಕಜಾಕ್ಷಿ ಒಳಗೆ ಕರೆದು ಕೂರಿಸಿದರು. ಭದ್ರಮ್ಮ ಅಡುಗೆಮನೆಯ ನೆಲದಲ್ಲಿ ಕೂತು ಅತ್ತಳು. "ಅವತ್ತು ರಾತ್ರಿನೇ ನಂಗೆಲ್ಲ ಹೇಳ್ದ ಕಣಕ್ಕ. ಎರಡು ಹೆಣ್ಮಕ್ಕಳು ಅವ್ರೆ. ಸೈನ್ ಹಾಕ್ದಿದ್ರೆ ಪಟ್ಟೀಲಿ ಹೆಸರು ಬರಲ್ಲ ಅಂದ್ಬುಟ್ರಂತೆ. ನನ್ ತಾಳಿ ಉಳಿಸಿದ್ದು ನೀವು. ಅದನ್ನ ಹೇಳ್ಬೇಕು ಅಂತ ಬಂದೆ."

ಪಂಕಜಾಕ್ಷಿ ಕಾಫಿಗೆ ಬೆಲ್ಲ ಹಾಕಿ ಕಲಕಿದರು.

"ಈ ಮಾತನ್ನ ಬರೆದುಕೊಡ್ತೀಯ?" ಎಂದರು.

ಭದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಇಲ್ಲಿಗೆ ಬಂದಿದ್ದು ಅವ್ನಿಗೆ ಗೊತ್ತಿಲ್ಲ ಕಣಕ್ಕ. ಯಾರ ಹತ್ರಾನೂ ಹೇಳ್ಬೇಡಿ" ಎಂದಳು.

ಪಂಕಜಾಕ್ಷಿ ಅವಳಿಗೆ ಕಾಫಿ ಕೊಟ್ಟರು. ಕುಡಿದಾದ ಮೇಲೆ ಏಲಕ್ಕಿಯನ್ನೂ ಹಲಸಿನ ಹಣ್ಣನ್ನೂ ಚೀಲಕ್ಕೆ ವಾಪಸ್ ಹಾಕಿ ಅವಳ ಕೈಗಿತ್ತರು. ಕುಂದೂರಿನ ಬಸ್ಸು ಮೂರೂವರೆಗಿದೆ, ತಪ್ಪಿದರೆ ಆರು ಗಂಟೆಯವರೆಗೆ ಬೇರೆ ಇಲ್ಲ ಎಂದು ಹೇಳಿ, ಬಂದ ಹಿತ್ತಿಲ ಬಾಗಿಲಿನಿಂದಲೇ ಅವಳನ್ನು ಕಳಿಸಿಕೊಟ್ಟರು.