ರುಮಾಲಿನ ಅಳತೆಯ ಕಮಾನು

ತೆರೆದ ಜೀಪಿನ ಸುಖವನ್ನು ಅದರಲ್ಲಿ ಕೂತವರಿಗಷ್ಟೇ ವಿವರಿಸಬಹುದು. ಉಳಿದವರು ಅದನ್ನು ಧೂಳು ಎಂದು ಕರೆಯುತ್ತಾರೆ. ಆಯುಷ್ಯವೆಲ್ಲ ರೇಖಾಗಣಿತ ಕಲಿಸಿದ್ದಕ್ಕೆ ನನಗೆ ನಾನೇ ಕೊಟ್ಟುಕೊಂಡ ಬಹುಮಾನವೆಂಬಂತೆ, ನಿವೃತ್ತಿಯಾದೊಡನೆ ಹಳೆಯ ಜೀಪೊಂದನ್ನು ಕೊಂಡೆ. ಬೇಕೆಂದಾಗ ಎಳೆದುಕೊಳ್ಳಲು ಕ್ಯಾನ್ವಾಸಿನ ಹೊದಿಕೆ, ಪಕ್ಕದಲ್ಲಿ ಹೆಂಡತಿ ನೀಲಮ್ಮ, ಬೈಲಹೊಂಗಲದಿಂದ ಕಿತ್ತೂರಿನವರೆಗೆ ಜೋಳದ ಹೊಲಗಳ ಗಾಳಿ. ಮಿತ್ರರೇ, ವಾನಪ್ರಸ್ಥಕ್ಕೆ ಕಾಡಿಗೇ ಹೋಗಬೇಕೆಂದೇನೂ ಇಲ್ಲ.

ಆದರೆ ಹೋದ ವರ್ಷ ಚಚಡಿಯ ದಾರಿಯಲ್ಲಿ, ತಿರುವಿನ ಕೋನದ ಬಗ್ಗೆ ಅವಳಿಗೆ ಪಾಠ ಹೇಳುತ್ತಲೇ, ಜೀಪನ್ನು ಕಬ್ಬಿನ ಹೊಲಕ್ಕೆ ಉರುಳಿಸಿದೆ. ನನಗೆ ಒಂದು ಗೀರೂ ಇಲ್ಲ; ಅವಳ ಭುಜದ ಎಲುಬು ಮುರಿಯಿತು. ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಅಂದಿನಿಂದ ಒಂದೇ ಮದುವೆಗೆ ಅವಳು ಬಸ್ಸಿನಲ್ಲಿ, ನಾನು ಜೀಪಿನಲ್ಲಿ. ಪಕ್ಕದ ಖಾಲಿ ಸೀಟನ್ನು ನೋಡಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಪರಿಹಾರವೆಂದು ರೋಲ್ ಬಾರ್ ಹಾಕಿಸಲು ನಿಶ್ಚಯಿಸಿದೆ: ಸೀಟುಗಳ ಹಿಂದೆ ಬಿಗಿದು ನಿಲ್ಲಿಸುವ ದಪ್ಪ ಪೈಪಿನ ಕಮಾನು, ಗಾಡಿ ಮಗುಚಿದರೆ ಭಾರವನ್ನು ತಾನು ಹೊತ್ತು ತಲೆಗಳನ್ನು ಉಳಿಸುವಂಥದು. ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದು, ಟ್ರ್ಯಾಕ್ಟರುಗಳಿಗೆ ನೆರಳಿನ ಚಪ್ಪರ ಕೂಡಿಸುವುದರಲ್ಲಿ ಪಳಗಿದ ವೆಲ್ಡರ್ ಮಲ್ಲಪ್ಪನಿಗೆ ಒಪ್ಪಿಸಿದೆ. ಅವನು ಅದನ್ನು ಬಹು ಗೌರವದಿಂದ ಮಡಚಿ ಕಿಸೆಗಿಟ್ಟು, ತನ್ನ ರುಮಾಲನ್ನು ಬಿಚ್ಚಿ ನನ್ನ ತಲೆಗೆ ಸುತ್ತಿದ.

“ಬರೇ ತಲಿಗೆ ಅಳತಿ ತಗೋಬಾರದ್ರಿ ಮಾಸ್ತರ. ರುಮಾಲ ಸುತ್ತಿದ ಮ್ಯಾಲೇ ಮನಷ್ಯಾನ ಎತ್ತರ.”

ರೈತರಿಗೆ ಚಪ್ಪರ ಮಾಡುವವನ ರೂಢಿ ಅದು. ನಾನು ತಡೆಯಬೇಕಿತ್ತು, ಆದರೆ ಜೀಪಿನ ಕನ್ನಡಿಯಲ್ಲಿ ನನ್ನ ದೇಸಾಯರ ಕಳೆಯನ್ನು ಕಂಡು ಸುಮ್ಮನಾದೆ. ಫಲವಾಗಿ ಕಮಾನು ನಕ್ಷೆಗಿಂತ ಒಂದು ಗೇಣು ಎತ್ತರವಾಗಿ, ಹೊದಿಕೆ ಅದನ್ನು ದಾಟಿ ಮುಚ್ಚದಾಯಿತು. ಗಣಿತದ ಮಾಸ್ತರನ ಮಾನ ಹೋಯಿತೆಂದು ಕೂಗಾಡಿದೆ.

“ಕೊಯ್ಯಂದ್ರ ಕೊಯ್ತೇನ್ರಿ,” ಎಂದ ಮಲ್ಲಪ್ಪ. “ಮದಲ ಅಕ್ಕಾವ್ರನ್ನ ಒಮ್ಮಿ ಕುಂದರಸ್ರಿ.”

ನೀಲಮ್ಮ ಬಂದಳು. ಕಮಾನನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಎತ್ತು ಕೊಳ್ಳುವಾಗಲೂ ನಮ್ಮಲ್ಲಿ ಇಷ್ಟು ಪರೀಕ್ಷೆ ನಡೆಯುವುದಿಲ್ಲ. ಜೀಪು ಅಲುಗಿತು, ಕಮಾನು ಅಲುಗಲಿಲ್ಲ. ಆಮೇಲೆ ನಿಧಾನವಾಗಿ ಹತ್ತಿ ಕೂತು, ಹಿಂದಕ್ಕೆ ಕೈಯೆತ್ತಿ, ತನ್ನ ನೆತ್ತಿಗಿಂತ ಕಮಾನು ಎಷ್ಟು ಮೇಲಿದೆಯೆಂದು ಗೇಣು ಹಾಕಿ ನೋಡಿದಳು. ನನ್ನ ಆ ನಕ್ಷೆಯ ತುಂಬ ಇದ್ದದ್ದು ಒಂದೇ ತಲೆ, ಅದೂ ನನ್ನದು ಎಂಬುದು ಆಗ ಹೊಳೆಯಿತು.

“ಕೊಯ್ಸಬ್ಯಾಡ್ರಿ, ಹಿಂಗ ಇರ್ಲಿ,” ಎಂದಳು.

“ಮಳಿ ಬಂದ್ರ?” ಎಂದೆ.

“ತೊಯ್ಸಿಕೊಳ್ಳೂಣು. ಎಲುಬ ಮುರಕೊಳ್ಳೂದಕ್ಕಿಂತ ಛಲೋ.”

ಎಲ್ಲಿಗೆ ಹೋಗೋಣವೆಂದು ಕೇಳಿದೆ. ಕಿತ್ತೂರಿನ ರಸ್ತೆಯನ್ನು ಹೇಳುವಳೆಂದುಕೊಂಡಿದ್ದೆ. ಅವಳು ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಮುಂದೆ ನೋಡಿದಳು.

“ಚಚಡಿ ದಾರೀಲೇ ನಡೀರಿ. ಆ ತಿರುವು ಬಂದಾಗಷ್ಟ ಬಾಯಿ ಮುಚ್ಚರಿ.”