ಹತ್ತರಿಂದ ನಾಲ್ಕರವರೆಗಿನ ಕಾವು

ವಿಜ್ಞಾನದ ಮೇಷ್ಟ್ರು ಇಪ್ಪತ್ನಾಲ್ಕು ವರ್ಷದಿಂದ ಹಕ್ಕಿಗಳ ಪಾಠ ಮಾಡುತ್ತಿದ್ದರೇ ಹೊರತು ಒಂದು ಗೂಡಿನೊಳಗೂ ಇಣುಕಿದವರಲ್ಲ. ಅದರ ಅಗತ್ಯವೂ ಬಿದ್ದಿರಲಿಲ್ಲ. ಅವರ ನೋಟ್ಸಿನಲ್ಲಿ ಎಲ್ಲವೂ ಇತ್ತು: ತಾಯಿಹಕ್ಕಿ ಕಾವು ಕೊಡುತ್ತದೆ, ತಂದೆಹಕ್ಕಿ ಆಹಾರ ತರುತ್ತದೆ. ಎರಡು ಅಂಕ.

ಈ ವರ್ಷ ಪ್ರಯೋಗಾಲಯದ ಕಿಟಕಿಯ ಮೇಲೆ ಪಾರಿವಾಳದ ಜೋಡಿಯೊಂದು ನಾಲ್ಕು ಕಡ್ಡಿ ಇಟ್ಟು ಸಂಸಾರ ಹೂಡಿತು. ಹೆಡ್‌ಮಾಸ್ಟರು ಅಲ್ಲೊಂದು ಕ್ಯಾಮೆರಾ ಕಟ್ಟಿಸಿ, ಆರನೇ ತರಗತಿಯ ಪರದೆಗೆ ನೇರ ಪ್ರಸಾರ ಕೊಡಿಸಿದರು. ಎರಡನೇ ಮೊಟ್ಟೆ ಇಟ್ಟದ್ದನ್ನು ಇಡೀ ತರಗತಿ ಉಸಿರು ಬಿಗಿಹಿಡಿದು ನೋಡಿತು. ಮಾರನೆಯ ದಿನದಿಂದ ಮೇಷ್ಟ್ರು ಪರದೆಗೆ ಕೋಲು ತೋರಿಸಿ, "ನೋಡ್ರಪ್ಪಾ, ತಾಯಿ ಅಂದ್ರೆ ಇದು! ಕೂತಲ್ಲಿಂದ ಅಲ್ಲಾಡಿಲ್ಲ," ಎಂದು ಗದ್ಗದಿತರಾಗತೊಡಗಿದರು. ತಾವೂ ಕುರ್ಚಿ ಬಿಟ್ಟೇಳದವರಾದ್ದರಿಂದ ಆ ಹಕ್ಕಿಯ ಮೇಲೆ ಅವರಿಗೆ ವಿಶೇಷ ಗೌರವ.

ಕಿರುಪರೀಕ್ಷೆ ಬಂತು. ಹಗಲಲ್ಲಿ ನಮ್ಮ ಪಾರಿವಾಳದ ಮೊಟ್ಟೆಗೆ ಕಾವು ಕೊಡುವವರು ಯಾರು? ಮೂವತ್ತೊಂಬತ್ತು ಮಕ್ಕಳು 'ತಾಯಿ' ಎಂದು ಬರೆದು ಪಾರಾದರು. ಸೊಟ್ಟ ಜಡೆಯ ಹುಡುಗಿಯೊಬ್ಬಳು ಮಾತ್ರ 'ಅಪ್ಪ' ಎಂದು ಬರೆದಳು. ಮೇಷ್ಟ್ರು ಕಾಗದ ಹರಿಯುವಂತೆ ಗೀಟು ಎಳೆದು ಸೊನ್ನೆ ಸುತ್ತಿದರು.

ಅವಳಿಗೆ ಅಮ್ಮ ಇರಲಿಲ್ಲ. ಆ ಜಡೆ ಹೆಣೆಯುವವನೂ ಅಪ್ಪನೇ. ಅಂಕ ಹೋದರೆ ಹೋಗಲಿ, 'ಅಪ್ಪ' ಎಂಬುದರ ಮೇಲೆ ಕೆಂಪು ಗೀಟು ಬಿದ್ದದ್ದು ಅವಳಿಗೆ ಸಹಿಸಲಾಗಲಿಲ್ಲ.

"ಸಾರ್, ನಂದು ಸರಿ," ಎಂದು ಎದ್ದು ನಿಂತಳು. "ಅವತ್ತು ಮೊಟ್ಟೆ ಇಟ್ಟಿದ್ದು ಪೂರ್ತಿ ಬೂದಿ ಬಣ್ಣದ್ದು. ಈಗ ಕೂತಿರೋದಕ್ಕೆ ರೆಕ್ಕೇಲಿ ಒಂದು ಬಿಳಿ ಗರಿ ಇದೆ. ನಾಲ್ಕು ಗಂಟೆಗೆ ಬದಲಾಯಿಸ್ಕೊಳ್ತವೆ."

ಮೇಷ್ಟ್ರು ಕನ್ನಡಕ ಏರಿಸಿದರು. ಬಿಳಿ ಗರಿ ಇತ್ತು. ಎಷ್ಟು ದಿಟ್ಟಿಸಿದರೂ ಅದು ಮಾಯವಾಗಲಿಲ್ಲ. "ನಾಲ್ಕಕ್ಕೆ ನೋಡೋಣ," ಎಂದು ಗಂಟಲು ಸರಿಮಾಡಿಕೊಂಡರು.

ನಾಲ್ಕಕ್ಕೆ ಬೂದು ಹಕ್ಕಿ ಬಂತು. ಬಿಳಿ ಗರಿಯದು ಎದ್ದು, ಮೈ ಕೊಡವಿ, ಜಾಗ ಬಿಟ್ಟುಕೊಟ್ಟು ಹಾರಿಹೋಯಿತು. ತಾಯಿಗೆಂದು ಮೇಷ್ಟ್ರು ಸುರಿಸಿದ ಹತ್ತು ದಿನದ ಕಣ್ಣೀರೆಲ್ಲ ಅಪ್ಪನ ಪಾಲಾಗಿತ್ತು.

ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಸೊನ್ನೆ ಹೊಡೆದುಹಾಕಿ ಎರಡು ಎಂದು ಬರೆದು, ಉತ್ತರಪತ್ರಿಕೆ ಕೈಗಿಡುತ್ತಾ ಅಭ್ಯಾಸಬಲದಿಂದ, "ಹೋಗು, ಅಮ್ಮನ ಸಹಿ ಹಾಕಿಸ್ಕೊಂಡು ಬಾ," ಎಂದರು. ಕೂಡಲೇ ನಾಲಿಗೆ ಕಚ್ಚಿಕೊಂಡು, "ಅಪ್ಪಂದಾದ್ರೂ ಪರವಾಗಿಲ್ಲಮ್ಮಾ," ಎಂದು ಉದಾರಿಯಾದರು.

"ಯಾವಾಗ್ಲೂ ಅಪ್ಪಂದೇ ಸಾರ್ ಇರೋದು," ಎಂದಳು ಹುಡುಗಿ. "ನೀವು ನೋಡಿಲ್ಲ ಅಷ್ಟೆ."