ಹಸಿರು ಬಟ್ಟೆಯ ಕೆಳಗೆ

ನರ ತೋರಿಸುವ ಹೊಸ ಸ್ಕ್ಯಾನಿಂಗ್ ಮಷೀನು ಬಂದ ವರ್ಷ. ಆ ದಿನದ ಆರನೇ ಆಪರೇಷನ್ನಿಗೆ ಅರಿವಳಿಕೆ ಕೊಡುತ್ತಿದ್ದೆ. ನಿಂತು ನಿಂತು ಕಾಲು ಸೋತಿದ್ದವು. ಮೇಜಿನ ಮೇಲೆ ಬೆಂಗೇರಿಯ ಕಾಕಾ, ದನದ ಸಂತೆಯ ದಲ್ಲಾಳಿ. ಮುರಿದದ್ದು ಬಲ ಮೊಣಕೈ. ಕೈಯಷ್ಟೇ ಮರಗಟ್ಟಿಸಲು ಕೊರಳ ಬುಡದಲ್ಲಿ, ನರದ ಪಕ್ಕಕ್ಕೆ ಔಷಧ ಬಿಡಬೇಕು. ನರದೊಳಗೇ ಹೋದರೆ ಬೆರಳುಗಳ ಸ್ವಾಧೀನವೇ ತಪ್ಪಬಹುದು.

“ಕಾಕಾ, ಸೂಜಿ ನರಕ್ಕ ತಾಗಿ ಕೈಯಾಗ ಕರೆಂಟ್ ಹೊಡದಂಗ ಆದ್ರ ಲಗೂ ಹೇಳ್ರಿ.”

“ಹೂಂ ರಿ.”

ಮಷೀನಿನ ಪರದೆಯಲ್ಲಿ ಸೂಜಿ ಕಾಣುತ್ತಿತ್ತು, ಅದರ ತುದಿ ಮಾತ್ರ ಆಗಾಗ ಮಾಯ. ಕಾಕಾರ ಮುಖ ನೋಡಿದೆ, ಶಾಂತವಾಗಿತ್ತು. ದಣಿದವನಿಗೆ ಅಷ್ಟೇ ಸಾಕಾಯಿತು. ಇನ್ನೇನು ಔಷಧ ಒತ್ತಬೇಕು, ಹಸಿರು ಬಟ್ಟೆಯ ಕೆಳಗೆ ಅವರ ಬಲಗೈ ಹಿಡಿದಿದ್ದ ಸಿಸ್ಟರ್, “ಸರ್, ಇವ್ರು ನನ್ನ ಬೆರಳು ಹಿಚುಕಾಕತ್ತಾರ್ರಿ,” ಅಂದಳು.

ಸೂಜಿ ಹಿಂದಕ್ಕೆಳೆದೆ. “ಕರೆಂಟ್ ಹೊಡೀತೇನ್ರಿ?”

“ಮೂರು ಸಲ ಹೊಡೀತ್ರಿ. ಮೂರೂ ಸಲ ಹೇಳೇನಿ.”

“ಬಾಯಿಬಿಟ್ಟು ಹೇಳೂದಲ್ಲೇನ್ರಿ ಕಾಕಾ?”

“ನಲವತ್ತು ವರ್ಷ ಅರಿವಿ ಬುಡಕ ಬೆರಳು ಹಿಡದು ದನದ ರೇಟು ಮಾತಾಡೇನ್ರಿ. ಅರಿವಿ ಮುಚ್ಚಿದ ಮ್ಯಾಲೆ ಬಾಯಿ ತೆರಿಯೂ ರೂಢಿ ಇಲ್ಲ.”

ಬೈಯಲೂ ತ್ರಾಣವಿರಲಿಲ್ಲ. ತುದಿ ಸ್ಪಷ್ಟವಾಗಿ ಕಾಣುವವರೆಗೆ ಕಾದು, ನರದ ಪಕ್ಕಕ್ಕೆ ಔಷಧ ಬಿಟ್ಟೆ. ಅರ್ಧ ತಾಸಿನಲ್ಲಿ ಕೈ ಕೊರಡಾಯಿತು. ಸಿಸ್ಟರ್ ಕೈಯಲ್ಲಿದ್ದ ತಮ್ಮ ಬೆರಳು ಅಲ್ಲಾಡಿಸಲು ನೋಡಿ ಕಾಕಾ ಸೋತರು.

“ಡಾಕ್ಟ್ರ, ಈಗ ನಾ ಮೂಕ ಆದ್ನಿ ನೋಡ್ರಿ,” ಎಂದವರು, ಆಪರೇಷನ್ ಮುಗಿಯುವವರೆಗೆ ಒಂದು ಕ್ಷಣವೂ ಬಾಯಿ ಮುಚ್ಚಲಿಲ್ಲ.